ಒಂದೇ ಗುಳಿಗೆಯ ಅಕ್ಕಯಮ್ಮ

ಅಕ್ಕಯಮ್ಮನಿಗೆ ಕರುಣೆ ಇರಲಿಲ್ಲ. ಇದು ಅವಳಿಗಾಗದವರು ಹಬ್ಬಿಸಿದ ಮಾತಲ್ಲ. ದೊಡ್ಡಬಳ್ಳಾಪುರದ ಹೊರಗಿನ ಆ ಸಿದ್ಧ ಉಡುಪು ಕಾರ್ಖಾನೆಯಲ್ಲಿ, ಹೊಟ್ಟೆ ಹಿಡಿದುಕೊಂಡು ಅವಳ ಕೋಣೆಗೆ ಒಮ್ಮೆಯಾದರೂ ಹೋಗಿಬಂದ ಯಾವ ಹೆಂಗಸನ್ನು ಕೇಳಿದರೂ ಅಷ್ಟನ್ನೇ ಹೇಳುತ್ತಿದ್ದಳು. ಅವಳಲ್ಲಿ ಶ್ರದ್ಧೆಯಿತ್ತು, ಶುಚಿಯಿತ್ತು, ಎಂಟು ಗಂಟೆಯೆಂದರೆ ಎಂಟಕ್ಕೆ ಬಂದು ಬೀರುವಿನ ಬೀಗ ತೆಗೆಯುವ ಶಿಸ್ತಿತ್ತು. ಕರುಣೆ ಮಾತ್ರ ಇರಲಿಲ್ಲ. ಇಲ್ಲವೆಂಬ ಕೊರಗೂ ಅವಳಿಗೆ ಇದ್ದಂತೆ ಕಾಣುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಎಂಟುನೂರು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಏಳುನೂರಕ್ಕೂ ಹೆಚ್ಚು ಹೆಂಗಸರು. ಇಷ್ಟು ಜನರಿರುವಲ್ಲಿ ಒಂದು ಚಿಕಿತ್ಸೆಯ ಕೋಣೆ, ಅದರಲ್ಲಿ ಒಬ್ಬ ನರ್ಸು ಇರಲೇಬೇಕೆಂಬ ನಿಯಮವಿದ್ದುದರಿಂದ ಅಕ್ಕಯಮ್ಮ ಅಲ್ಲಿದ್ದಳು. ಎಲ್ಲರೂ ಅವಳನ್ನು ಎದುರಿಗೆ ಸಿಸ್ಟರ್ ಎಂದೂ ಹಿಂದಿನಿಂದ ಕಲ್ಲಮ್ಮ ಎಂದೂ ಕರೆಯುತ್ತಿದ್ದರು.

ಸಾಸಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದವಳು. ಆ ಹಳ್ಳಿಯಿಂದ ನರ್ಸಿಂಗ್ ಕಲಿಯಲು ಬೆಂಗಳೂರಿಗೆ ಹೋದ ಮೊದಲ ಹೆಣ್ಣು. ಕಲಿತು ಬಂದ ಮೇಲೆ ದೊಡ್ಡಬಳ್ಳಾಪುರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷ ಹೆರಿಗೆ ಕೋಣೆಯಲ್ಲೂ ಆಪರೇಷನ್ ಕೋಣೆಯಲ್ಲೂ ದುಡಿದಳು. ಮೊಣಕಾಲು ಸವೆದು, ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಓಡುವುದು ಆಗದೆ, ಐವತ್ತರ ಹತ್ತಿರಕ್ಕೆ ಬಂದಾಗ ಕಾರ್ಖಾನೆಗೆ ಸೇರಿದಳು. ಮಕ್ಕಳಿರಲಿಲ್ಲ. ಗಂಡ ಪಿಳ್ಳಪ್ಪ ವಿದ್ಯುತ್ ಮಗ್ಗ ಬಿಡುವವನು. ಮಗ್ಗದ ಸದ್ದಿಗೆ ಎರಡು ಕಿವಿಯೂ ಹೋಗಿದ್ದವು. ಅಕ್ಕಯಮ್ಮನ ಸಂಸಾರ ಮೂವತ್ತು ವರ್ಷ ಬಾಳಿದ್ದಕ್ಕೆ ಅದೇ ಕಾರಣವೆಂದು ಹುಡುಗಿಯರು ಊಟದ ಹೊತ್ತಿನಲ್ಲಿ ಆಡಿಕೊಳ್ಳುತ್ತಿದ್ದರು.

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ವರ್ಷ, ಎರಡು ಸಾವಿರದ ಎಂಟರಲ್ಲಿ, ಫಿಝಾ ಆ ಕೋಣೆಗೆ ಬಂದಳು. ಇಪ್ಪತ್ಮೂರು ವರ್ಷದವಳು. ತಂದೆ ಅನೀಸ್ ಅಹಮದ್ ಊರಿನಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡಿದ್ದವರು. ಬಿ.ಎ. ಮುಗಿಸಿದ್ದ ಫಿಝಾಗೆ ಕಾರ್ಖಾನೆಯಲ್ಲಿ ಕಾರ್ಮಿಕರ ಕ್ಷೇಮ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅವಳ ಮೊದಲ ಕೆಲಸ ಒಂದು ಗಡಿಯಾರ ನೋಡುವುದು. ಉತ್ಪಾದನೆಯ ಮ್ಯಾನೇಜರ್ ರವಿಚಂದ್ರ ಅವಳನ್ನು ಕರೆದು ಹೇಳಿದ್ದ: "ಸಿಸ್ಟರ್ ಕೋಣೇಲಿ ಒಂದು ತಿಂಗಳು ಕೂತ್ಕೊಳ್ಳಿ. ಒಂದ್ ಹೊಟ್ಟೆನೋವಿಗೆ ಎಷ್ಟು ನಿಮಿಷ ಹೋಗುತ್ತೆ ಬರ್ಕೊಳ್ಳಿ. ಗುಳಿಗೆ ನುಂಗಕ್ಕೆ ಅರ್ಧ ಗಂಟೆ ಯಾಕಮ್ಮ ಬೇಕು?"

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅಕ್ಕಯಮ್ಮನ ಪದ್ಧತಿಯೇ ಹಾಗಿತ್ತು. ಮುಟ್ಟಿನ ನೋವೆಂದೋ, ಹೊಟ್ಟೆ ನುಲಿಯುತ್ತಿದೆಯೆಂದೋ ಬಂದವರಿಗೆ ಅವಳು ಒಂದೇ ಗುಳಿಗೆ ಕೊಡುತ್ತಿದ್ದಳು. ಅದನ್ನು ತನ್ನ ಕಣ್ಣೆದುರೇ ನುಂಗಿಸಿ, ಗೋಡೆ ಬದಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂರಿಸುತ್ತಿದ್ದಳು. ಮಿಷಿನ್ನಿನವರಿಗೆ ಆ ಅರ್ಧ ಗಂಟೆ ಶಿಕ್ಷೆ. ಲೈನಿನಲ್ಲಿ ಅವರ ಕೆಲಸ ಗುಡ್ಡೆ ಬೀಳುತ್ತಿತ್ತು, ಸೂಪರ್‌ವೈಸರ್ ಬಂದು ಕಿರುಚುತ್ತಿದ್ದ. ಎರಡು ಗುಳಿಗೆ ಕೈಗೆ ಕೊಟ್ಟು ಕಳಿಸಿದ್ದರೆ ಎಲ್ಲರಿಗೂ ಸುಖವಿತ್ತು.

ಮೂರನೆಯ ದಿನ ಫಿಝಾಗೇ ಹೊಟ್ಟೆ ಹಿಡಿಯಿತು. ಪ್ರತಿ ತಿಂಗಳೂ ಹಿಡಿಯುವುದೇ. ಮನೆಯಲ್ಲಾಗಿದ್ದರೆ ಅಮ್ಮಿ ಓಮ ಬಿಸಿಮಾಡಿ ಕೊಡುತ್ತಿದ್ದರು. ಬೀರುವಿನತ್ತ ಕೈಚಾಚಿದರೆ ಸಿಗುವಷ್ಟು ಹತ್ತಿರ ಗುಳಿಗೆಗಳಿದ್ದವು. ಅಕ್ಕಯಮ್ಮ ಕೊಡಲಿಲ್ಲ.

"ಎಲ್ಲಿ?" ಎಂದಳು.

"ಹೊಟ್ಟೆ, ಸಿಸ್ಟರ್."

"ಹೊಟ್ಟೆ ಇಷ್ಟಗಲ ಇದೆ. ಒಂದು ಬೆರಳಲ್ಲಿ ತೋರಿಸು."

ಫಿಝಾ ತೋರಿಸಿದಳು.

"ನುಲಿದು ನುಲಿದು ಬಿಡುತ್ತಾ, ಇಲ್ಲ ಒಂದೇ ಸಮ ಇರುತ್ತಾ?"

"ಬಂದು ಬಂದು ಹೋಗುತ್ತೆ."

"ಕೆಮ್ಮು."

"ಕೆಮ್ಮಿಲ್ಲ ಸಿಸ್ಟರ್ ನನಗೆ."

"ಕೆಮ್ಮಿದೆಯಾ ಅಂತ ಕೇಳಲಿಲ್ಲ. ಕೆಮ್ಮು ಅಂದೆ."

ಕೆಮ್ಮುವಾಗ ಅಕ್ಕಯಮ್ಮ ಅವಳ ಹೊಟ್ಟೆಯನ್ನಲ್ಲ, ಮುಖವನ್ನು ನೋಡುತ್ತಿದ್ದಳು. ಆಮೇಲೆ ಮಂಚದ ಮೇಲೆ ಮಲಗಿಸಿ, ತನ್ನ ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡಳು. ಫಿಝಾಗೆ ಅದು ಅಕ್ಕರೆಯಂತೆ ಕಂಡು ಮನಸ್ಸು ಸ್ವಲ್ಪ ಕರಗಿತು. ಅಕ್ಕಯಮ್ಮ ಹೇಳಿದಳು, "ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿ ಹಿಡಿಯುತ್ತೆ. ಆಗ ಕೈಗೆ ಸುಳ್ಳು ಹೇಳುತ್ತೆ." ಪಕ್ಕೆಲುಬಿನ ಕೆಳಗಿಂದ ಶುರುಮಾಡಿ ತೊಡೆಸಂದಿನವರೆಗೆ ಆ ಕೈ ಗೋಡೆಗೆ ಸುಣ್ಣ ಬಳಿಯುವವನ ಕೈಯಂತೆ, ಒಂದು ಅಂಗುಲವೂ ಬಿಡದೆ ಇಳಿದು ಬಂತು. ಆಮೇಲೆ ಒಂದು ಗುಳಿಗೆ, ಅರ್ಧ ಲೋಟ ನೀರು, ಬೆಂಚು.

"ಇದು ನೋವು ಕೊಲ್ಲೋ ಗುಳಿಗೆ ಅಲ್ಲ," ಎಂದಳು, ಫಿಝಾ ಕೇಳದಿದ್ದರೂ. "ಒಳಗೆ ಕರುಳೋ ಗರ್ಭಕೋಶವೋ ಹಗ್ಗದ ಹಾಗೆ ಹುರಿಗೊಂಡಿರುತ್ತೆ. ಅದನ್ನ ಬಿಚ್ಚುತ್ತೆ. ಬಿಚ್ಚೋವಾಗ ಬಾಯೂ ಒಣಗಿಸುತ್ತೆ, ಕಣ್ಣೂ ಮಂಜು ಮಾಡುತ್ತೆ. ಎರಡು ನುಂಗಿ ಮಿಷಿನ್ನಿಗೆ ಕೂತರೆ, ಬಟ್ಟೆ ಯಾವುದು ಬೆರಳು ಯಾವುದು ಅಂತ ಸೂಜಿ ನೋಡಲ್ಲ. ಅದಕ್ಕೇ ಕೂರಿಸೋದು. ಇನ್ನೊಂದು ವಿಷಯ. ಒಂದಕ್ಕೆ ನೋವು ಸಡಿಲ ಆಗಲೇ ಇಲ್ಲ ಅಂದ್ರೆ ಅದು ಹುರಿಯ ನೋವಲ್ಲ. ಬೇರೆ ಏನೋ ಇದೆ. ಎರಡನೇದು ಕೊಟ್ಟರೆ ಅದರ ಬಾಯಿ ಮುಚ್ಚಿದ ಹಾಗೆ."

ಅರ್ಧ ಗಂಟೆಗೆ ಹಿಡಿತ ಸಡಿಲವಾಗತೊಡಗಿತು. ಗಂಟೆಯಾಗುವಷ್ಟರಲ್ಲಿ ನೋವು ಯಾರೋ ಗಂಟು ಕಳಚಿ ಹೋದಂತೆ ಇಲ್ಲವಾಗಿತ್ತು. ತಾನು ಇಷ್ಟು ವರ್ಷ ಓಮದ ನೀರಿನೊಂದಿಗೆ ಕಳೆದ ದಿನಗಳನ್ನು ನೆನೆದು ಫಿಝಾ ಆ ಪುಟ್ಟ ಬಿಳಿ ಬಿಲ್ಲೆಯ ಬಗ್ಗೆ ಬೆರಗಾದಳು. ಅದನ್ನು ಕೊಟ್ಟ ಹೆಂಗಸಿನ ಬಗ್ಗೆ ಅವಳಿಗೆ ಬೇಸರ ಮಾತ್ರ ಉಳಿಯಿತು. ಇಷ್ಟು ಒಳ್ಳೆಯದನ್ನು ಇಷ್ಟು ಕಹಿಯಾಗಿ ಏಕೆ ಕೊಡಬೇಕು?

ಆ ಕಹಿಗೆ ಅವಳು ಕಾರಣ ಹುಡುಕಿದಳು. ಎಳೆಯ ಮಗುವೊಂದು ಸತ್ತಿರಬೇಕು, ತಂಗಿಯೊಬ್ಬಳು ಹೆರಿಗೆಯಲ್ಲಿ ಹೋಗಿರಬೇಕು ಎಂದು ಏನೇನೋ ಕಲ್ಪಿಸಿಕೊಂಡಳು. ದಾರ ಕತ್ತರಿಸುವ ಮುನಿಲಕ್ಷ್ಮಮ್ಮ ಅಕ್ಕಯಮ್ಮನ ಪಕ್ಕದ ಊರಿನವಳು, ಅವಳನ್ನು ಕೇಳಿದಳು.

"ಅಯ್ಯೋ, ಏನೂ ಇಲ್ಲ ಕಣಮ್ಮ," ಎಂದಳು ಮುನಿಲಕ್ಷ್ಮಮ್ಮ. "ಇಸ್ಕೂಲಿಗೆ ಹೋಗೋವಾಗ್ಲೂ ಹಿಂಗೇ ಇದ್ಲು. ಹುಣಿಸೆಕಾಯಿ ಕಿತ್ರೆ ಎಣಿಸಿ ಹಂಚೋಳು."

ಫಿಝಾ ಆ ಕೋಣೆಯಲ್ಲಿ ಕುಳಿತು ನಿಮಿಷಗಳನ್ನು ಬರೆದುಕೊಳ್ಳುತ್ತ ಹೋದಂತೆ, ಬರೆದುಕೊಳ್ಳಲಾಗದ ಮುಖಗಳೇ ಅವಳ ಮನಸ್ಸಿನಲ್ಲಿ ನಿಂತವು. ಬೆಂಚಿನ ಮೇಲೆ ಕುಳಿತು ಗಡಿಯಾರ ನೋಡುತ್ತ ಅಳುವವರು. ಇನ್ನೊಂದು ಕೊಡಿ ಸಿಸ್ಟರ್, ಮನೆಗೆ ಬೇಕು ಎಂದು ಬೇಡುವವರು. ಮುನಿಲಕ್ಷ್ಮಮ್ಮನಂಥವಳು ಬೇಡುವುದನ್ನು ಬಿಟ್ಟು ಬೈದೇ ಬಿಡುತ್ತಿದ್ದಳು: "ಎರಡ್ ಕೊಟ್ರೆ ನಿಮ್ಮಪ್ಪನ ಮನೆ ಗಂಟು ಹೋಗುತ್ತಾ ಸಿಸ್ಟರ್?" ಅಕ್ಕಯಮ್ಮ ಬೀರುವಿನ ಬೀಗ ಹಾಕುತ್ತ, "ನಮ್ಮಪ್ಪನ ಮನೇಲಿ ಗುಳಿಗೆ ಇರಲಿಲ್ಲ, ರಾಗಿ ಇತ್ತು. ಕೂತ್ಕೋ," ಎನ್ನುತ್ತಿದ್ದಳು.

ಒಂದು ದಿನ ಊಟದ ಹೊತ್ತಿನಲ್ಲಿ ಕಾಲರ್ ಹೊಲಿಯುವ ಹುಡುಗಿಯರು ಫಿಝಾಳ ಸುತ್ತ ಕುಳಿತರು. ಅವರಲ್ಲಿ ಅಕ್ಷತ ಎಂಬವಳು ಮುಂದಾಗಿ ಮಾತಾಡಿದಳು. ಇಪ್ಪತ್ತೆರಡರ ಹುಡುಗಿ, ಹಿಂದಿನ ವರ್ಷ ಮದುವೆಯಾಗಿ ಆವತಿಗೆ ಬಂದವಳು, ದಿನವೂ ಕಂಪನಿಯ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಲೈನಿನಲ್ಲಿ ಅವಳಷ್ಟು ಕೈಚುರುಕಿನವರು ಇರಲಿಲ್ಲ.

"ಮೇಡಂ, ನೀವು ಬಸ್ ಸ್ಟ್ಯಾಂಡ್ ಹತ್ರಾನೇ ತಾನೆ ಇರೋದು? ಮೆಡಿಕಲ್ಲಲ್ಲಿ ಅದೇ ಗುಳಿಗೆ ಸಿಗುತ್ತಂತೆ. ನಾವು ಇಳಿಯೋಷ್ಟೊತ್ತಿಗೆ ಅಂಗಡಿ ಬಾಗಿಲು ಹಾಕಿರ್ತಾನೆ. ನೀವು ತಂದ್ಕೊಟ್ರೆ ಕಲ್ಲಮ್ಮನ ಮುಖ ನೋಡೋದು ತಪ್ಪುತ್ತೆ."

ಫಿಝಾ ತಂದುಕೊಟ್ಟಳು. ಮೊದಲು ಎರಡು ಪಟ್ಟಿ, ಆಮೇಲೆ ಹತ್ತು. ಹುಡುಗಿಯರು ಅವನ್ನು ದಾರ ಸುತ್ತಿದ ಬಾಬಿನ್ ಇಡುವ ಡಬ್ಬಿಯಲ್ಲಿಟ್ಟುಕೊಂಡು, ಯಾರಿಗೆ ಬೇಕೋ ಅವರಿಗೆ ಮಿಷಿನ್ನಿನ ಕೆಳಗಿನಿಂದಲೇ ದಾಟಿಸುತ್ತಿದ್ದರು. ಫಿಝಾಗೆ ಒಂದು ಬಗೆಯ ಸಂತೋಷವಾಯಿತು. ಕಾರ್ಖಾನೆಯಲ್ಲಿ ಕರುಣೆಯ ಒಂದು ಸಣ್ಣ ಕಾಲುವೆ ತನ್ನಿಂದ ಹರಿಯುತ್ತಿದೆ ಎಂದುಕೊಂಡಳು. ಕೋಣೆಗೆ ಬರುವವರು ಕಡಿಮೆಯಾದರು. ನಿಮಿಷಗಳು ಇಳಿದವು. ರವಿಚಂದ್ರ ಅವಳನ್ನು ಹೊಗಳಿದ.

ಮೂರು ವಾರದ ಮೇಲೆ, ಬೆಂಚು ಖಾಲಿಯಾಗಿದ್ದ ಒಂದು ಮಧ್ಯಾಹ್ನ, ಅಕ್ಕಯಮ್ಮ ಹತ್ತಿ ಸುತ್ತುತ್ತ ಕೇಳಿದಳು: "ಈ ತಿಂಗಳು ಏಳುನೂರು ಹೆಂಗಸರಲ್ಲಿ ಯಾರಿಗೂ ಮುಟ್ಟೇ ಆಗಿಲ್ವಾ?"

ಫಿಝಾ ನಿಮಿಷ ಬರೆದುಕೊಳ್ಳುವ ಪುಸ್ತಕದ ಹಾಳೆ ತಿರುವಿದಳು.

ಆಗಸ್ಟ್ ತಿಂಗಳ ಒಂದು ಗುರುವಾರ. ಹದಿನೈದು ದಿನ ತಡವಾಗಿದ್ದ ಅಂಗಿಗಳ ಒಂದು ಆರ್ಡರು ಅಂದು ಸಂಜೆಯ ವಿಮಾನದಲ್ಲಿ ಹೊರದೇಶಕ್ಕೆ ಹೋಗಬೇಕಿತ್ತು. ಹಡಗಿಗಾಗಿ ತಿಂಗಳುಗಟ್ಟಲೆ ಕಾಯುವ ಕಾಲ ಹೋಗಿ, ತಡವಾದುದನ್ನೆಲ್ಲ ದೇವನಹಳ್ಳಿಗೆ ಸಾಗಿಸಿ ವಿಮಾನಕ್ಕೆ ಏರಿಸುವ ಕಾಲ ಬಂದಿತ್ತು. ಮೇಲಿನವರಿಗೆ ಅದರಿಂದ ಅನುಕೂಲವಾಗಿತ್ತು, ಕೆಳಗಿನವರಿಗೆ ಅವಸರ ಹೆಚ್ಚಿತ್ತು. ಬೆಳಗ್ಗೆಯೇ ಟೆಂಪೊ ಬಂದು ಹಿಂಬಾಗಿಲಿಗೆ ನಿಂತಿತ್ತು. ತುಂಬಿದ ಪೆಟ್ಟಿಗೆಗಳನ್ನು ಅದಕ್ಕೆ ಏರಿಸುತ್ತಿದ್ದರು. ಉಳಿದ ಅಂಗಿಗಳಿಗೆ ಕಾಲರ್ ಬೀಳಬೇಕಿತ್ತು.

ಒಳಗೆ ಬರುವಾಗಲೇ ಅಕ್ಷತ ಫಿಝಾಳನ್ನು ತಡೆದಳು. ಮುಖ ಬಾಡಿತ್ತು. "ಇನ್ನೆರಡಿದ್ರೆ ಕೊಡಿ ಮೇಡಂ. ನಿನ್ನೆಯಿಂದ ಬಹಳ ನುಲೀತಿದೆ. ಈ ಸಲ ತಡವಾಗಿ ಬಂತಲ್ಲ, ಅದಕ್ಕೇ ಇರ್ಬೇಕು." ಫಿಝಾ ತನ್ನ ಚೀಲದಲ್ಲಿದ್ದ ಒಂದು ಪಟ್ಟಿಯನ್ನೇ ಕೊಟ್ಟಳು.

ಹನ್ನೊಂದೂವರೆಗೆ ಮುನಿಲಕ್ಷ್ಮಮ್ಮ ಅಕ್ಷತಳನ್ನು ತೋಳಿನಲ್ಲಿ ತಬ್ಬಿ ಹಿಡಿದು ಕೋಣೆಗೆ ತಂದಳು. "ಮಿಷಿನ್ ಮೇಲೇ ತಲೆ ಇಟ್ಬಿಟ್ಲು ಸಿಸ್ಟರ್. ಬೆಳಗ್ಗೆ ಏನೂ ತಿಂದಿಲ್ಲ ಅನ್ಸುತ್ತೆ."

"ತಿಂದಿದೀನಿ," ಎಂದಳು ಅಕ್ಷತ. ದನಿ ಗಟ್ಟಿಯಾಗಿಯೇ ಇತ್ತು. "ಒಂದು ಗುಳಿಗೆ ಕೊಟ್ಬಿಡಿ ಸಿಸ್ಟರ್, ಹೋಗ್ತೀನಿ. ಇನ್ನೂ ಮುನ್ನೂರು ಕಾಲರ್ ಇದೆ. ಇವತ್ತು ಕೂರಿಸ್ಬೇಡಿ, ನಿಮ್ಮ ಕಾಲು ಹಿಡೀತೀನಿ."

"ನಾಲಿಗೆ," ಎಂದಳು ಅಕ್ಕಯಮ್ಮ.

ಅಕ್ಷತ ನಾಲಿಗೆ ಚಾಚಿದಳು. ಅದು ಬಿಸಿಲಿಗೆ ಹಾಕಿದ ಬಟ್ಟೆಯಂತೆ ಒಣಗಿತ್ತು. ಅಕ್ಕಯಮ್ಮ ಅವಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿನತ್ತ ತಿರುಗಿಸಿದಳು. ಅಷ್ಟು ಬೆಳಕಿನಲ್ಲೂ ಕಣ್ಣಪಾಪೆ ದೊಡ್ಡದಾಗಿಯೇ ಇತ್ತು.

"ಎಷ್ಟು ನುಂಗಿದೀಯ?"

"ಏನು ಸಿಸ್ಟರ್?"

"ಗುಳಿಗೆ."

"ನಾನೇನೂ ನುಂಗಿಲ್ಲ." ಅಕ್ಷತಳ ನೋಟ ಒಂದು ಕ್ಷಣ ಫಿಝಾಳತ್ತ ಬಂದು ಹಿಂದಿರುಗಿತು. ತಂದುಕೊಟ್ಟವಳನ್ನು ಹಿಡಿದುಕೊಡಬಾರದೆಂದು ಆ ಹುಡುಗಿ ಅಂಥ ನೋವಿನಲ್ಲೂ ಬಾಯಿ ಬಿಗಿಹಿಡಿದಿದ್ದಳು. ಫಿಝಾಗೆ ಅದು ಅರ್ಥವಾಯಿತು. ಹೇಳಿದರೆ ಕೆಲಸ ಹೋಗುವುದು ಖಂಡಿತ. ಹೇಳದಿದ್ದರೆ ಏನು ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅಕ್ಕಯಮ್ಮನ ಮುಖದಲ್ಲಿ ಅವಳು ಆವರೆಗೆ ಕಾಣದಿದ್ದ ಒಂದು ನಿಶ್ಚಲತೆ ಇತ್ತು.

"ನಾನು ತಂದುಕೊಟ್ಟೆ ಸಿಸ್ಟರ್," ಎಂದಳು. "ಇವತ್ತೊಂದೇ ಅಲ್ಲ, ಒಂದು ತಿಂಗಳಿಂದ ಎಲ್ಲರಿಗೂ."

ಅಕ್ಕಯಮ್ಮ ಅವಳತ್ತ ತಿರುಗಲೇ ಇಲ್ಲ. "ಹತ್ತು ಮಿಲಿಗ್ರಾಮಾ, ಇಪ್ಪತ್ತಾ?"

"ಇಪ್ಪತ್ತು."

"ಬೆಳಗಿಂದ ಎಷ್ಟು?" ಇದು ಅಕ್ಷತಳಿಗೆ.

"ಐದು," ಎಂದಳು ಅಕ್ಷತ, ಮೆಲ್ಲಗೆ.

"ಐದು." ಅಕ್ಕಯಮ್ಮ ಅವಳ ಅಂಗೈಯನ್ನು ತಿರುಗಿಸಿ ತನ್ನ ಹೆಬ್ಬೆರಳಿನಿಂದ ಒರೆಸಿದಳು. ಹೆಬ್ಬೆರಳು ಒದ್ದೆಯಾಯಿತು. ಅದನ್ನು ಫಿಝಾಗೆ ತೋರಿಸಿದಳು. "ನೋಡು. ಐದು ನುಂಗಿದವಳ ಬಾಯಿ ಒಣಗಬೇಕು, ಒಣಗಿದೆ. ನಾಡಿ ಓಡಬೇಕು, ಓಡ್ತಿದೆ. ಮೈಯೂ ಒಣಗಬೇಕು, ಬಿಸಿ ಇರಬೇಕು. ಇವಳ ಕೈ ತಣ್ಣಗಿದೆ, ಬೆವರು ಹರೀತಿದೆ. ಈ ಬೆವರು ಗುಳಿಗೇದಲ್ಲ."

ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಒಳಗೆ ಕೆಂಪಿರಬೇಕಾದಲ್ಲಿ ಕಾಗದದ ಬಣ್ಣವಿತ್ತು. ಮಂಚದ ಮೇಲೆ ಮಲಗಿಸಿ, ಅಂಗೈ ಉಜ್ಜಿಕೊಂಡು ಹೊಟ್ಟೆಯ ಮೇಲೆ ಇಟ್ಟಳು. ಕೈ ಈ ಸಲ ಸುಣ್ಣ ಬಳಿಯಲಿಲ್ಲ. ನಿಂತು ನಿಂತು ಹೋಯಿತು. ಕೆಳಗೆ ಬಲಗಡೆ ಬಂದಾಗ ನಿಂತೇ ಬಿಟ್ಟಿತು. ಅಕ್ಷತ ಹಲ್ಲು ಕಚ್ಚಿದಳು. ಆಗ ಅಕ್ಕಯಮ್ಮ ಕೇಳಿದ ಪ್ರಶ್ನೆ ಕೋಣೆಯಲ್ಲಿದ್ದ ಉಳಿದ ಮೂವರಿಗೂ ಅಸಂಬದ್ಧವೆನಿಸಿತು.

"ಹೆಗಲು ನೋಯ್ತಿದೆಯಾ?"

ಅಕ್ಷತ ಬೆರಗಾಗಿ ನೋಡಿದಳು. "ಹೌದು ಸಿಸ್ಟರ್. ಬೆಳಗಿಂದ. ಅದು ಮಿಷಿನ್ ನೋವು, ನಮಗೆಲ್ಲ ಇದ್ದದ್ದೇ."

"ಯಾರಿಗಿಲ್ಲ ಹೇಳಿ ಸಿಸ್ಟರ್," ಎಂದಳು ಮುನಿಲಕ್ಷ್ಮಮ್ಮ. "ಹತ್ತು ವರ್ಷದಿಂದ ನನ್ನ ಹೆಗಲು ಹಿಂಗೇ."

"ನಿನ್ನ ಹೆಗಲು ಮಲಗಿದರೆ ಹಗುರ ಆಗುತ್ತಾ, ಭಾರ ಆಗುತ್ತಾ?"

"ಮಲಗಿದ್ರೆ ಹಾಯಾಗಿರುತ್ತೆ."

"ಇವಳದು?"

"ಈಗ ಮಲಗಿದ ಮೇಲೆ ಜಾಸ್ತಿ ಆಗಿದೆ ಸಿಸ್ಟರ್," ಎಂದಳು ಅಕ್ಷತ.

"ಮುಟ್ಟು ಎಷ್ಟು ದಿನ ತಡವಾಗಿತ್ತು?"

"ಹದಿನೈದು. ಇಪ್ಪತ್ತು ಇರಬಹುದು. ಮೊನ್ನೆಯಿಂದ ಸ್ವಲ್ಪ ಸ್ವಲ್ಪ ಆಗ್ತಿದೆ."

"ಅದು ಮುಟ್ಟಲ್ಲ," ಎಂದಳು ಅಕ್ಕಯಮ್ಮ. ಫಿಝಾಳನ್ನು ಬಾಗಿಲ ಹತ್ತಿರಕ್ಕೆ ಕರೆದು, ತಗ್ಗಿದ ದನಿಯಲ್ಲಿ, ಆದರೆ ಒಂದು ಮಾತೂ ನುಂಗದೆ ಹೇಳಿದಳು: "ಬಸಿರು ನಿಂತಿದೆ. ಗರ್ಭಕೋಶದಲ್ಲಿ ನಿಲ್ಲಬೇಕಾದ್ದು ಪಕ್ಕದ ನಾಳದಲ್ಲಿ ನಿಂತಿದೆ. ಅದು ಒಡೆದಿದೆ. ರಕ್ತ ಹೊಟ್ಟೆಯೊಳಗೇ ಹರೀತಿದೆ. ಮಲಗಿದರೆ ಆ ರಕ್ತ ಮೇಲಕ್ಕೆ ಸರಿದು ಎದೆಯ ಕೆಳಗಿನ ಪೊರೆಗೆ ತಾಗುತ್ತೆ. ಅಲ್ಲಿ ತಾಗಿದರೆ ನೋವು ಹೆಗಲಲ್ಲಿ ಕಾಣಿಸುತ್ತೆ. ನೀನು ಕೊಟ್ಟ ಗುಳಿಗೆ ಬೆಳಗಿಂದ ಇದನ್ನ ನುಲಿತ ಅಂತ ನಂಬಿಸಿ ಕೂರಿಸಿತ್ತು. ಈಗ ಅಳಬೇಡ. ಗಾಡಿ ನೋಡು."

ಫಿಝಾ ಅಳುವುದಕ್ಕೂ ಆಗದಷ್ಟು ದಿಗ್ಭ್ರಮೆಗೊಂಡಿದ್ದಳು. ಅಂಟಿಸಿದ ಲಕೋಟೆಯನ್ನು ಬಿಚ್ಚದೆ ಒಳಗಿನ ಕಾಗದ ಓದಿದಂತೆ ಈ ಹೆಂಗಸು ಒಂದು ನಾಲಿಗೆ, ಒಂದು ಅಂಗೈ, ಒಂದು ಹೆಗಲಿನಿಂದ ಒಳಗಿನದನ್ನೆಲ್ಲ ಓದಿದ್ದಳು. ಯಂತ್ರವಿರಲಿಲ್ಲ, ಡಾಕ್ಟರಿರಲಿಲ್ಲ. ಏಳು ನಿಮಿಷವಾಗಿತ್ತು. ನಿಮಿಷ ನೋಡುವ ಅಭ್ಯಾಸ ಫಿಝಾಗೆ ಆ ಹೊತ್ತಿನಲ್ಲೂ ಹೋಗಿರಲಿಲ್ಲ.

ಕಂಪನಿಯ ವ್ಯಾನು ಗುಂಡಿ ತರಲು ಬೆಂಗಳೂರಿಗೆ ಹೋಗಿತ್ತು. ಇದ್ದದ್ದು ಟೆಂಪೊ ಒಂದೇ. ಅಕ್ಕಯಮ್ಮ ಸವೆದ ಮೊಣಕಾಲಿನಲ್ಲಿ ಹಿಂಬಾಗಿಲಿಗೆ ನಡೆದು, ಪೆಟ್ಟಿಗೆಗಳನ್ನು ಇಳಿಸಿ ಎಂದಳು. ಹೊರೆಯಾಳುಗಳು ರವಿಚಂದ್ರನ ಮುಖ ನೋಡಿದರು.

"ಏನ್ ಸಿಸ್ಟರ್ ಇದು," ಎಂದು ರವಿಚಂದ್ರ ಓಡಿಬಂದ. "ನಾಲ್ಕು ಗಂಟೆಗೆ ಇದು ಏರ್‌ಪೋರ್ಟಲ್ಲಿ ಇರ್ಬೇಕು. ಒಂದು ಇಂಜೆಕ್ಷನ್ ಹಾಕಿ ಮಲಗಿಸಿ, ವ್ಯಾನ್ ಬಂದ ತಕ್ಷಣ ಕಳಿಸೋಣ. ಒಂದು ಗಂಟೆ ತಡ ಆದ್ರೆ ಏನಾಗ್ಬಿಡುತ್ತೆ?"

"ಅವಳು ಇರಲ್ಲ."

"ಹೊಟ್ಟೆನೋವು ಅಂದ್ರಲ್ಲ ಲೈನಿನವರು?"

"ಅವರು ಅಂದ್ರು. ನಾನು ಅನ್ನಲಿಲ್ಲ."

ರವಿಚಂದ್ರ ಕೆಟ್ಟವನಲ್ಲ. ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಎರಡು ವರ್ಷದಲ್ಲಿ ಆ ಹೆಂಗಸು ಒಂದು ಸಲವೂ ಇದ್ದದ್ದಕ್ಕಿಂತ ಹೆಚ್ಚು ಹೇಳಿದ್ದಿಲ್ಲವೆಂಬುದು ಅವನಿಗೆ ನೆನಪಾಗಿರಬೇಕು. ಅಂಗಿಯ ತೋಳು ಮಡಿಚಿ ಮೊದಲ ಪೆಟ್ಟಿಗೆಯನ್ನು ತಾನೇ ಇಳಿಸಿದ.

ಅಕ್ಕಯಮ್ಮ ಆಮೇಲೆ ಮಾಡಿದ್ದನ್ನೆಲ್ಲ ಫಿಝಾ ಎಷ್ಟೋ ವರ್ಷ ಮರೆಯಲಿಲ್ಲ. ಒಂದು ಕೆಲಸವೂ ಎರಡು ಸಲ ಆಗಲಿಲ್ಲ. ಅಕ್ಷತಳ ಕೊರಳಲ್ಲಿ ನೇತಾಡುತ್ತಿದ್ದ ಕಂಪನಿಯ ಗುರುತಿನ ಚೀಟಿಯಿಂದ ರಕ್ತದ ಗುಂಪು ನೋಡಿಕೊಂಡಳು. ಬಟ್ಟೆಗೆ ಗುರುತು ಹಾಕುವ ಪೆನ್ನು ತರಿಸಿ, ಹುಡುಗಿಯ ಮುಂಗೈಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಓ ಪಾಸಿಟಿವ್, ಡೈಸೈಕ್ಲೋಮಿನ್ ಗುಳಿಗೆ ಐದು, ನಾಡಿ ನೂರಮೂವತ್ತು, ಹನ್ನೊಂದು ನಲವತ್ತು. ತಾನು ಮುಂಚೆ ದುಡಿದಿದ್ದ ನರ್ಸಿಂಗ್ ಹೋಮಿಗೆ ಫೋನು ಮಾಡಿದಳು. "ಅಕ್ಕಯಮ್ಮ ಮಾತಾಡ್ತಿರೋದು. ನಾಳ ಒಡೆದಿರೋ ಒಬ್ಬಳು ಬರ್ತಿದಾಳೆ. ಓ ಪಾಸಿಟಿವ್ ರಕ್ತ ಹೇಳಿಬಿಡಿ. ಟೇಬಲ್ ಖಾಲಿ ಇಟ್ಕೊಳ್ಳಿ." ಅಷ್ಟೇ. ಮಂಚದ ಹಾಸಿಗೆಯನ್ನೇ ಎತ್ತಿ ಟೆಂಪೊದೊಳಗೆ ಹಾಸಿಸಿದಳು. ಅಂಗಿ ತುಂಬಿದ ಒಂದು ಪೆಟ್ಟಿಗೆಯನ್ನು ಕಾಲಿನ ಕೆಳಗೆ ಇಡಿಸಿದಳು. ಹುಡುಗಿ ನೀರು ಕೇಳಿದಾಗ ಮುನಿಲಕ್ಷ್ಮಮ್ಮ ತಂದ ಲೋಟವನ್ನು ಕಿತ್ತುಕೊಂಡು ನೆಲಕ್ಕೆ ಚೆಲ್ಲಿದಳು.

"ಸಿಸ್ಟರ್," ಎಂದಳು ಅಕ್ಷತ. ಈಗ ದನಿ ಕುಗ್ಗಿತ್ತು. "ನಾನು ಸಾಯ್ತೀನಾ?"

"ಗೊತ್ತಿಲ್ಲ. ಕಾಲು ಕೆಳಗಿಳಿಸಬೇಡ."

ಮುನಿಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದು ಅಳತೊಡಗಿದಳು. ಸಾಯುವವಳಿಗೆ ಒಂದು ಒಳ್ಳೆ ಮಾತು ಹೇಳಬಾರದೇ ಎಂಬುದು ಅಲ್ಲಿ ನಿಂತಿದ್ದ ಎಲ್ಲರ ಮುಖದಲ್ಲೂ ಇತ್ತು.

"ನೀವೂ ಬನ್ನಿ ಸಿಸ್ಟರ್," ಎಂದು ಫಿಝಾ ಬೇಡಿದಳು.

"ನಾನು ಬಂದು ಏನು ಮಾಡಲಿ? ಅಲ್ಲಿ ಡಾಕ್ಟರ್ ಇದಾರೆ. ಇಲ್ಲಿ ಏಳುನೂರು ಜನರ ಡಬ್ಬೀಲಿ ನಿನ್ನ ಗುಳಿಗೆ ಇದೆ. ನೀನು ಹೋಗು. ಆ ಕಾಲು ಎತ್ತರಕ್ಕೆ ಹಿಡ್ಕೊಂಡಿರು. ಮಾತಾಡಿಸ್ತಾ ಇರು. ಮಾತು ನಿಂತರೆ ಡ್ರೈವರಿಗೆ ಹೇಳು, ಅವನು ಹಾರ್ನ್ ಮೇಲಿಂದ ಕೈ ತೆಗೀಬಾರದು."

ಟೆಂಪೊ ಹೊರಟಿತು. ಊರಿಗೆ ಏಳು ಕಿಲೋಮೀಟರು. ಫಿಝಾ ಪೆಟ್ಟಿಗೆಯ ಮೇಲಿನ ಎರಡು ಪಾದಗಳನ್ನು ತನ್ನ ಎದೆಗೆ ಅವುಚಿಕೊಂಡು ಕುಳಿತಳು. ಅವು ನೀರಿನಿಂದ ಎತ್ತಿದಂತೆ ತಣ್ಣಗಿದ್ದವು. ಏನು ಮಾತಾಡಿಸಬೇಕೆಂದು ತೋಚದೆ ಕಾಲರ್ ಹೊಲಿಯುವುದು ಹೇಗೆಂದು ಕೇಳಿದಳು. ಅಕ್ಷತ ಹೇಳಿದಳು: ತುದಿ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು ತಿರುಗಿಸಬೇಕು, ಎತ್ತಿ ತಿರುಗಿಸಿದರೆ ಮೂಲೆ ಕೆಡುತ್ತದೆ. ಇದನ್ನೇ ಮೂರು ಸಲ ಹೇಳಿದಳು. ಮೂರನೆಯ ಸಲ ಮೂಲೆಯವರೆಗೆ ಬಂದು ನಿಲ್ಲಿಸಿದಳು. ಫಿಝಾ ಡ್ರೈವರನ ಬೆನ್ನ ಹಿಂದಿನ ತಗಡನ್ನು ಗುದ್ದಿದಳು.

ನರ್ಸಿಂಗ್ ಹೋಮಿನ ಬಾಗಿಲಲ್ಲೇ ಸ್ಟ್ರೆಚರ್ ಕಾದಿತ್ತು. ಬಿಳಿಗೂದಲಿನ ಡಾಕ್ಟರು ಹುಡುಗಿಯ ಮುಂಗೈ ಓದಿದರು. ಪಕ್ಕದಲ್ಲಿದ್ದ ಕಿರಿಯ ಡಾಕ್ಟರು ಸ್ಕ್ಯಾನಿಗೆ ಕಳಿಸೋಣವೇ ಎಂದಾಗ, "ಇದು ಅಕ್ಕಯಮ್ಮ ಬರೆದಿರೋದು. ಸ್ಕ್ಯಾನಿಗೆ ಕಾಯೋದು ಬೇಡ, ಒಳಗೆ ತಗೊಳ್ಳಿ," ಎಂದರು. ಬಾಗಿಲು ಮುಚ್ಚಿತು. ಫಿಝಾ ಹೊರಗಿನ ಬೆಂಚಿನಲ್ಲಿ ಕುಳಿತು, ತನಗೆ ತಿಳಿದ ಎಲ್ಲ ದುವಾಗಳನ್ನೂ ಹೇಳಿ ಮುಗಿಸಿ, ಮತ್ತೆ ಮೊದಲಿಂದ ಹೇಳಿದಳು. ಆವತಿಯಿಂದ ಗಂಡನ ಮನೆಯವರು ಬಂದರು. ಎರಡೂವರೆಗೆ ಡಾಕ್ಟರು ಹೊರಬಂದು, ಒಳಗೆ ಒಂದೂವರೆ ಲೀಟರು ರಕ್ತ ನಿಂತಿತ್ತೆಂದೂ, ಬಲಗಡೆಯ ನಾಳ ತೆಗೆದದ್ದಾಯಿತೆಂದೂ, ಹುಡುಗಿ ಉಳಿಯುತ್ತಾಳೆಂದೂ ಹೇಳಿದರು.

ಫಿಝಾ ಕಾರ್ಖಾನೆಗೆ ಫೋನು ಮಾಡಿದಳು.

"ಸರಿ," ಎಂದಳು ಅಕ್ಕಯಮ್ಮ. "ಬಾಬಿನ್ ಡಬ್ಬಿಗಳಿಂದ ಅರವತ್ತೆಂಟು ಗುಳಿಗೆ ಸಿಕ್ಕಿದೆ. ಇನ್ನೂ ಯಾರ್‍ಯಾರಿಗೆ ಕೊಟ್ಟಿದೀಯ, ಹೆಸರು ಹೇಳು."

ಫಿಝಾ ಒಬ್ಬೊಬ್ಬರ ಹೆಸರು ಹೇಳಿದಳು. ಆ ಕಡೆಯಿಂದ ಪೆನ್ನಿನ ಸದ್ದಷ್ಟೇ ಕೇಳುತ್ತಿತ್ತು. ಹೇಳಿ ಮುಗಿದ ಮೇಲೆ, "ನನ್ನ ವಿಷಯ ಸರ್‌ಗೆ ನೀವೇ ಹೇಳ್ತೀರಾ ಸಿಸ್ಟರ್?" ಎಂದಳು.

"ನಾನ್ಯಾಕೆ ಹೇಳಲಿ? ತಂದುಕೊಟ್ಟವಳು ನೀನು. ನೀನೇ ಹೇಳು." ಫೋನು ಇಟ್ಟಳು. ಹುಡುಗಿಗೆ ಎಚ್ಚರವಾಯಿತೇ ಎಂದು ಕೇಳಲಿಲ್ಲ.

ಫಿಝಾ ಒಂದು ಹಾಳೆ ಕೇಳಿ ಪಡೆದು, ನಡೆದದ್ದನ್ನೆಲ್ಲ ಬರೆದಳು. ಎಷ್ಟು ಪಟ್ಟಿ ತಂದೆ, ಯಾರಿಗೆ ಕೊಟ್ಟೆ, ಏಕೆ ಕೊಟ್ಟೆ. ಏಕೆ ಎಂಬಲ್ಲಿ ಕನಿಕರದಿಂದ ಎಂದು ಬರೆದು, ಓದಿ, ಹೊಡೆದು ಹಾಕಿದಳು. ಸಹಿ ಮಾಡಿ, ಆ ಹೊತ್ತಿಗೆ ರವಿಚಂದ್ರ ಹೊರಟಿರುವುದಿಲ್ಲವೆಂದು ಆಟೊ ಹಿಡಿದು ಕಾರ್ಖಾನೆಗೆ ಮರಳಿದಳು.

ಆರು ಗಂಟೆಯಾಗಿತ್ತು. ಕಂಪನಿಯ ಬಸ್ಸುಗಳೆಲ್ಲ ಹೋಗಿ ಅಂಗಳ ಬರಿದಾಗಿತ್ತು. ಬಟ್ಟೆಗೆ ಧೂಳು ಮೆತ್ತಬಾರದೆಂದು ಕಾರ್ಖಾನೆಯೊಳಗೆ ಎಲ್ಲರೂ ಬರಿಗಾಲಿನಲ್ಲಿ ಕೆಲಸ ಮಾಡುತ್ತಿದ್ದರು. ಚಪ್ಪಲಿ ಬಿಡಲು ಬಾಗಿಲಿನ ಹೊರಗೆ ಉದ್ದನೆಯ ಕಬ್ಬಿಣದ ಹಲಗೆಗಳಿದ್ದವು. ಬೆಳಗ್ಗೆ ಎಂಟುನೂರು ಜೊತೆ ತುಂಬಿರುತ್ತಿದ್ದ ಹಲಗೆಗಳು ಈಗ ಖಾಲಿಯಾಗಿದ್ದವು.

ಅವುಗಳ ಪಕ್ಕದ ನಲ್ಲಿಯ ಮುಂದೆ ಅಕ್ಕಯಮ್ಮ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಸವೆದ ಮೊಣಕಾಲಿಗೆ ಹಾಗೆ ಕೂರುವುದು ಕಷ್ಟ. ಒಂದು ಕೈ ಗೋಡೆಗೆ ಊರಿತ್ತು. ಇನ್ನೊಂದು ಕೈಯಲ್ಲಿ ಒಂದು ನೀಲಿ ಹವಾಯಿ ಚಪ್ಪಲಿಯಿತ್ತು, ಅದರ ಜೊತೆಯದು ಪಕ್ಕದ ಕಲ್ಲಿನ ಮೇಲಿತ್ತು. ಮಳೆಯಲ್ಲಿ ಅಕ್ಷತ ಆವತಿಯಿಂದ ಮೆತ್ತಿಕೊಂಡು ಬಂದ ಕೆಮ್ಮಣ್ಣು ಅದರ ತಳದಲ್ಲಿ ಒಣಗಿ ಗಟ್ಟಿಯಾಗಿತ್ತು. ಅಕ್ಕಯಮ್ಮ ಅದನ್ನು ಉಗುರಿನಿಂದ ಕೆರೆದು, ಸೋಪು ಹಚ್ಚಿ, ಗೆರೆಗೆರೆಯಲ್ಲೂ ಬೆರಳಾಡಿಸಿ ತೊಳೆಯುತ್ತಿದ್ದಳು. ಕಿತ್ತು ಬಂದಿದ್ದ ಉಂಗುಷ್ಠದ ಪಟ್ಟಿಯನ್ನು ತೂತಿಗೆ ತುರುಕಿ, ಕೆಳಗಿನಿಂದ ತನ್ನ ಸೀರೆಯ ಪಿನ್ನು ಚುಚ್ಚಿ ಭದ್ರ ಮಾಡಿದಳು. ಎಳೆದು ನೋಡಿದಳು.

ಫಿಝಾ ಹಾಳೆ ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತಳು.

ಅಕ್ಕಯಮ್ಮ ಎರಡು ಚಪ್ಪಲಿಗಳನ್ನೂ ತೊಡೆಯ ಮೇಲಿಟ್ಟುಕೊಂಡು ಸೆರಗಿನ ತುದಿಯಿಂದ ಒರೆಸಿದಳು. ಒಂದನ್ನು ಒರೆಸಿ ಮುಗಿಸಿದ ಮೇಲೂ, ಅದರಲ್ಲಿ ಇನ್ನು ಒರೆಸುವುದಕ್ಕೇನೂ ಇಲ್ಲದಿದ್ದರೂ, ಮತ್ತೊಮ್ಮೆ ಒರೆಸಿದಳು.